ಏಳನೇ ಕಲ್ಲಿನ ಆಚೆಯ ರಸ್ತೆ

ಸಂಸಾರ ಎಷ್ಟು ದೊಡ್ಡದು ಎಂದು ಯಾರಾದರೂ ಕೇಳಿದರೆ ಬೀರ ಗೌಡ ಬೆರಳು ಮಡಚಿ ಹೇಳುತ್ತಿದ್ದ: ಹೆಂಡತಿ ಕಾಳಿ, ಬರ್ಗಿ ಊರಿಗೆ ಕೊಟ್ಟ ಮಗಳು, ಒಂದು ಕಪ್ಪು ಹಸು, ಮತ್ತೆ ಎರಡು ಮೈಲು ರಸ್ತೆ. ಕೇಳಿದವರು ನಗುತ್ತಿದ್ದರು. ಅವನು ನಗುತ್ತಿರಲಿಲ್ಲ.

ಮಿರ್ಜಾನಿನ ಹಳೆಯ ಕೋಟೆಯ ಬುಡದಿಂದ ಹೊರಟು, ಅಘನಾಶಿನಿಯ ದಂಡೆ ಹಿಡಿದು ಕೊಡ್ಲಬೈಲೆಂಬ ಹಳ್ಳಿಯವರೆಗೆ ಒಂಬತ್ತು ಮೈಲು ಹೋಗುವ ಗರಸಿನ, ಅಂದರೆ ಜಲ್ಲಿಮಣ್ಣಿನ, ರಸ್ತೆ ಅದು. ಕೋಟೆ ಕಟ್ಟಿದವರ ಕಾಲದಲ್ಲಿ ಕಾಳುಮೆಣಸು ಹೊತ್ತ ಎತ್ತುಗಳು ಘಟ್ಟದಿಂದ ಇದೇ ಜಾಡಿನಲ್ಲಿ ಇಳಿಯುತ್ತಿದ್ದವು, ಉಪ್ಪಿನ ದೋಣಿಗಳು ಹೊಳೆಯಲ್ಲಿ ಮೇಲೇರುತ್ತಿದ್ದವು ಎಂದು ಹಳಬರು ಹೇಳುತ್ತಿದ್ದರು. ಬೀರನ ಕಾಲಕ್ಕೆ ಅದು ಲೋಕಲ್ ಬೋರ್ಡಿನ ರಸ್ತೆ. ಎಡಕ್ಕೆ ಗುಡ್ಡ, ಬಲಕ್ಕೆ ಗಜನಿ ಗದ್ದೆ, ಭರತದ ಉಪ್ಪುನೀರು ಗದ್ದೆಗೆ ನುಗ್ಗದಂತೆ ಹಾಕಿದ ಉದ್ದನೆಯ ಮಣ್ಣಿನ ಕಟ್ಟೆ, ಅದರಾಚೆ ಹೊಳೆ.

ಬೀರ ಆ ರಸ್ತೆಯ ಮೈಲುಕೂಲಿ. ದೊಡ್ಡ ಹುದ್ದೆಯೇನಲ್ಲ. ತನ್ನ ಪಾಲಿನ ಎರಡು ಮೈಲಿನಲ್ಲಿ ಗಟಾರ ಬಿಡಿಸಬೇಕು, ಮಳೆ ಕೊರೆದಲ್ಲಿ ಗರಸು ತುಂಬಬೇಕು, ಮುರಿದು ಬಿದ್ದ ಟೊಂಗೆ ಎಳೆದು ಹಾಕಬೇಕು. ಹದಿನೈದು ದಿನಕ್ಕೊಮ್ಮೆ ಬೋರ್ಡಿನ ಮುಕಾದಮ ವೆಂಕ್ಟ್ರಮಣ ಬಂದು ನೋಡಿಕೊಂಡು ಹೋಗುತ್ತಿದ್ದ. ಐದನೇ ಮೈಲುಗಲ್ಲಿನಿಂದ ಏಳನೆಯದರವರೆಗೆ ಬೀರನದು. ಅವನಿಗೂ ಮೊದಲು ಅವನ ಅಪ್ಪನದು. ಏಳರಿಂದ ಒಂಬತ್ತರವರೆಗೆ, ರಸ್ತೆ ಮುಗಿಯುವ ತನಕ, ನಾಗ ನಾಯ್ಕನದು. ಹದಿನೆಂಟು ವರ್ಷ ಇಬ್ಬರೂ ಏಳನೇ ಕಲ್ಲಿನ ಹತ್ತಿರ ಸೇರಿ ಒಂದು ಎಲೆಯಡಿಕೆಯ ಕವಳ ಹಾಕಿ, ಒಬ್ಬ ಮೂಡಕ್ಕೆ ಒಬ್ಬ ಪಡುವಕ್ಕೆ ಹೋಗುತ್ತಿದ್ದರು. ಯಾರ ರಸ್ತೆ ಹೆಚ್ಚು ಯಾರದು ಕಡಿಮೆ ಎಂಬ ಮಾತು ಇಬ್ಬರ ಬಾಯಲ್ಲೂ ಬಂದಿರಲಿಲ್ಲ. ಆಗ ಆ ರಸ್ತೆಯಲ್ಲಿ ಓಡಾಡುತ್ತಿದ್ದವು ಎತ್ತಿನ ಗಾಡಿಗಳು. ಗಾಡಿ ಹೂತು ಹೋದರೆ ಗಾಡಿ ಹೊಡೆಯುವವರು ಎತ್ತಿಗೆ ಬೈಯುತ್ತಾರೆ, ರಸ್ತೆಗಲ್ಲ.

ಸೈಕಲ್ಲುಗಳು ಬಂದ ಮೇಲೆ ಹಾಗಾಗಲಿಲ್ಲ. ಸೀಮೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಎರಡು ವರ್ಷವಾಗಿತ್ತು. ಟಪಾಲಿನ ರಮಾನಂದ ಶಾನಭಾಗರು ನಡೆಯುವುದನ್ನು ಬಿಟ್ಟು ಸೈಕಲ್ ಹತ್ತಿದರು. ಕುಮಟೆಯಿಂದ ಪಾವು ಬಿಸ್ಕೀಟಿನ ಡಬ್ಬಿ ಕಟ್ಟಿಕೊಂಡು ಒಬ್ಬ ಬರತೊಡಗಿದ. ಕೊಡ್ಲಬೈಲು ಶಾಲೆಯ ಮಾಸ್ತರರು ಒಂದು ಹಳೆಯ ಸೈಕಲ್ ಕೊಂಡರು. ತಿಂಗಳಿಗೊಮ್ಮೆ ಭಟ್ಕಳದ ಅತ್ತರಿನ ಸಾಯ್ಬರು ಬಂದರೆ ಅವರು ಹೋದ ಮೇಲೂ ಸ್ವಲ್ಪ ಹೊತ್ತು ರಸ್ತೆ ಘಮಘಮ ಎನ್ನುತ್ತಿತ್ತು. ಸೈಕಲ್ ಹೊಡೆಯುವವನಿಗೆ ರಸ್ತೆಯ ಒಂದೊಂದು ಕಲ್ಲೂ ಸೊಂಟಕ್ಕೆ ತಿಳಿಯುತ್ತದೆ. ಹಾಗಾಗಿ ಅವರು ರಸ್ತೆಯ ಬಗ್ಗೆ ಮಾತಾಡುತ್ತಿದ್ದರು.

ಏಳನೇ ಕಲ್ಲಿನ ಎದುರಿಗೆ ಲಕ್ಕಿ ಎಂಬ ಮುದುಕಿಯ ಚಾದ ಅಂಗಡಿ. ಐವತ್ತೆಂಟರ ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ರಮಾನಂದರು ಅಲ್ಲಿ ಸೈಕಲ್ ಒರಗಿಸಿ, ಬಸಿ ತುಂಬ ಚಾ ಹೊಯ್ದುಕೊಂಡು ಕೂತಿದ್ದರು. ಬೀರ ಹೊರಗೆ ಗಟಾರದ ಹುಲ್ಲು ಕೆತ್ತುತ್ತಿದ್ದ. ಒಳಗಿನ ಮಾತು ಅವನಿಗೆ ಸ್ಪಷ್ಟವಾಗಿ ಕೇಳಿತು.

"ಏಳನೇ ಕಲ್ಲು ದಾಟ್ತು ಅಂದ್ರೆ ಆತು ಲಕ್ಕಿ, ಹ್ಯಾಂಡಲ್ ಬಿಟ್ಟು ಎಲೆಗೆ ಸುಣ್ಣ ಹಚ್ಕಳ್ಳಬಹುದು. ನಾಗ ರಸ್ತೆ ಮಾಡಿದ್ದಲ್ಲ, ಚಾಪೆ ಹಾಸಿಟ್ಟಿದ್ದು. ಇಲ್ಲಿಯವರೆಗೆ ಬರೂದೇ ತ್ರಾಸು."

ಅಷ್ಟೇ ಮಾತು. ರಮಾನಂದರಿಗೆ ಬೀರ ಹೊರಗಿದ್ದದ್ದು ಗೊತ್ತಿರಲಿಲ್ಲ, ಗೊತ್ತಿದ್ದರೆ ಹೇಳುತ್ತಿರಲಿಲ್ಲವೇನೋ. ಬೀರ ಹುಲ್ಲು ಕೆತ್ತುವುದನ್ನು ನಿಲ್ಲಿಸಲಿಲ್ಲ. ಆದರೆ ಆ ದಿನ ಕವಳ ಹಾಕಲು ನಾಗನಿಗಾಗಿ ಕಾಯಲಿಲ್ಲ. ಗುದ್ದಲಿ ಹೆಗಲಿಗೇರಿಸಿ ಐದನೇ ಕಲ್ಲಿನವರೆಗೆ ತನ್ನ ರಸ್ತೆಯನ್ನೇ ನೋಡುತ್ತ ನಡೆದ. ಹದಿನೆಂಟು ವರ್ಷದಲ್ಲಿ ಕಾಣದ ಹೊಂಡಗಳು ಅವತ್ತು ಕಂಡವು.

ಮರುದಿನದಿಂದ ಅವನು ಮೈಮುರಿದು ದುಡಿದ. ಹೊಳೆ ಕೈಯಳತೆಯಲ್ಲೇ ಇತ್ತು. ಇಳಿತದ ಹೊತ್ತಿಗೆ ದಂಡೆಗೆ ಇಳಿದು ಹೆಡಿಗೆಗಟ್ಟಲೆ ಗುಂಡು ಹರಳು ತಂದು ರಸ್ತೆಗೆ ಸುರಿದ. ಒಂದು ತಿಂಗಳಲ್ಲಿ ಅವನ ಎರಡು ಮೈಲು ದೂರದಿಂದ ನೋಡಲು ಬಿಳಿಬಿಳಿಯಾಗಿ ಚೆಂದ ಕಂಡಿತು. ಈಗ ರಮಾನಂದರು ಏನು ಹೇಳುತ್ತಾರೋ ಎಂದು ಕಾದ. ರಮಾನಂದರು ಐದನೇ ಕಲ್ಲಿನಲ್ಲಿ ಸೈಕಲ್ಲಿನಿಂದ ಇಳಿದು, ಏಳನೇ ಕಲ್ಲಿನವರೆಗೆ ತಳ್ಳಿಕೊಂಡು ಬಂದು, ಅಲ್ಲಿ ಮತ್ತೆ ಹತ್ತಿದರು. ಶಾಲೆಯ ಮಾಸ್ತರರು ಇಳಿಯಲಿಲ್ಲ. ಗುಂಡು ಕಲ್ಲಿನ ಮೇಲೆ ಚಕ್ರ ಜಾರಿ ಮೊಣಕೈ ತರಚಿಕೊಂಡರು. ಬೀರ ಓಡಿ ಹೋಗಿ ಎತ್ತಿದ. ಮಾಸ್ತರರು ಬೈಯಲಿಲ್ಲ, ಧೋತರದ ಧೂಳು ಕೊಡವಿಕೊಂಡು, ಇನ್ನು ಎರಡು ಮೈಲು ಮುಂದೆ ಹೋದರೆ ಆರಾಮ ಎಂದರು. ಬೈದಿದ್ದರೇ ಒಳ್ಳೆಯದಿತ್ತು ಎಂದು ಅವನಿಗೆ ಅನ್ನಿಸಿತು.

ಅದಾಗಿ ಕೆಲವು ದಿನಕ್ಕೆ ಅವನು ಇನ್ನೊಂದು ಸಂಗತಿ ಕಂಡ. ಐದನೇ ಕಲ್ಲಿನ ಹತ್ತಿರ ರಸ್ತೆಯಿಂದ ಕೆಳಗಿಳಿದು ಗಜನಿ ಕಟ್ಟೆಯ ಮೇಲೆ ಸೈಕಲ್ ಚಕ್ರದ ಗೆರೆ ಮೂಡಿತ್ತು. ಒಂದಲ್ಲ, ಮೂರು ನಾಲ್ಕು. ಕಟ್ಟೆ ಎರಡು ಮೊಳ ಅಗಲ, ಒಂದು ಕಡೆ ಕೆಸರು, ಇನ್ನೊಂದು ಕಡೆ ಉಪ್ಪುನೀರು. ಗೆರೆಯ ಜಾಡು ಹಿಡಿದು ಅವನು ನಡೆದ. ಅದು ಕಟ್ಟೆಯುದ್ದಕ್ಕೂ ಸಾಗಿ ಸರಿಯಾಗಿ ಏಳನೇ ಕಲ್ಲಿನ ಹತ್ತಿರ ಮತ್ತೆ ರಸ್ತೆ ಹತ್ತಿತ್ತು. ಜನ ಅವನ ರಸ್ತೆಯನ್ನು ಬಿಟ್ಟು ಜಾರಿದರೆ ನೀರಿಗೆ ಬೀಳುವಂಥ ಕಟ್ಟೆಯ ಮೇಲೆ ಹೋಗಿ ನಾಗನ ರಸ್ತೆ ಸೇರುತ್ತಿದ್ದರು. ಬೀರ ಕಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಆ ಗೆರೆಗಳನ್ನು ಅಂಗೈಯಿಂದ ಒರೆಸಿದ. ಎರಡು ದಿನಕ್ಕೆ ಮತ್ತೆ ಮೂಡಿದವು.

ನಾಗ ಏನು ಮಾಡುತ್ತಾನೆ ಎಂಬುದೇ ಬೀರನಿಗೆ ತಿಳಿಯುತ್ತಿರಲಿಲ್ಲ. ಯಾವಾಗ ನೋಡಿದರೂ ಅವನು ಹೊನ್ನೆ ಮರದ ಬುಡದಲ್ಲಿ ಗುದ್ದಲಿ ಪಕ್ಕಕ್ಕಿಟ್ಟು ಕೂತಿರುತ್ತಿದ್ದ. ನಾಲ್ಕು ಹೆಜ್ಜೆ ನಡೆದರೆ ಎದೆ ಸುಂಯ್‌ಗುಡುತ್ತಿತ್ತು. ಎರಡು ವರ್ಷದಿಂದ ಉಬ್ಬಸ ಹಿಡಿದಿತ್ತು ಅವನಿಗೆ. ಬಟ್ಟೆಗೆ ಕೆಂಪು ಧೂಳಿಲ್ಲ, ಕೈಯಲ್ಲಿ ಹೊಸ ಬೊಕ್ಕೆಯಿಲ್ಲ. ಆದರೂ ರಸ್ತೆ ಮಾತ್ರ ಮಳೆಗಾಲ ಕಳೆದರೂ ಬೆನ್ನು ಉಬ್ಬಿಸಿಕೊಂಡು, ಅಂಚಿಗೆ ನೀರು ಇಳಿಸಿಕೊಂಡು, ನಯವಾಗಿ ಬಿದ್ದಿರುತ್ತಿತ್ತು. ಮುಕಾದಮನೂ ಎರಡು ಬಾರಿ ಹೊಗಳಿದ. ಬೀರನೆದುರಿಗೇ ಹೊಗಳಿದ.

ಅರವತ್ತರ ಜನವರಿಯ ಚಳಿಯಲ್ಲಿ ಒಂದು ದಿನ ಬೀರ ಬೆಳಕು ಹರಿಯುವ ಮೊದಲೇ ಎದ್ದ. ಹಸು ನೋಡಿಕೊ ಎಂದು ಕಾಳಿಗೆ ಹೇಳಿ ಏಳನೇ ಕಲ್ಲು ದಾಟಿ ಹೋದ. ಗುಡ್ಡದ ಕಡೆಯಿಂದ ಟಕ್ ಟಕ್ ಎಂಬ ಸಪ್ಪಳ ಬರುತ್ತಿತ್ತು. ಮಂಜು ಸರಿದಂತೆ ಒಬ್ಬ ಹೆಂಗಸು ಕಂಡಳು. ನಾಗನ ಹೆಂಡತಿ ದುರ್ಗಿ. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಗುಡ್ಡದಿಂದ ಹೊತ್ತು ತಂದ ಚಿರೆಕಲ್ಲಿನ ತುಂಡುಗಳನ್ನು ಕೊಡಲಿಯ ಹಿಂಬದಿಯಿಂದ ಒಡೆಯುತ್ತಿದ್ದಳು. ಒಡೆದದ್ದನ್ನು ಹೊಂಡಕ್ಕೆ ತುಂಬಿದಳು. ಇನ್ನೊಂದು ಬುಟ್ಟಿಯಿಂದ ಮಣ್ಣು ತೆಗೆದು ಮೇಲೆ ಹರಡಿದಳು, ಕೊಡದಿಂದ ನೀರು ಚಿಮುಕಿಸಿದಳು, ಮರದ ಬಡಿಕೆ ಎತ್ತಿ ಬಡಿದಳು. ಬಡಿದು ಮುಗಿದ ಮೇಲೆ ಬರಿಗಾಲಲ್ಲಿ ಅದರ ಮೇಲೆ ಹಿಂದೆ ಮುಂದೆ ನಡೆದು ನೋಡಿ, ಒಂದು ಕಡೆ ನಿಂತು, ಮತ್ತೆ ಬಡಿದಳು. ಬಿಸಿಲು ಏರುವ ಹೊತ್ತಿಗೆ ಗುದ್ದಲಿಯನ್ನು ಹೊನ್ನೆ ಮರಕ್ಕೆ ಒರಗಿಸಿ, ಕೈಕಾಲು ತೊಳೆದುಕೊಂಡು, ಯಾರದೋ ಗದ್ದೆಯ ಕೂಲಿಗೆ ಹೊರಟಳು. ಆಮೇಲೆ ನಾಗ ಮೆಲ್ಲನೆ ಬಂದು ಗುದ್ದಲಿಯ ಪಕ್ಕ ಕೂತ.

ಬೀರ ಗೇರು ಮರದ ಮರೆಯಲ್ಲಿ ನಿಂತಿದ್ದ. ಮೊದಲು ಅವನಿಗೆ ಎದೆ ಹಗುರಾಯಿತು. ನಾಗ ತನಗಿಂತ ದೊಡ್ಡ ಕೆಲಸಗಾರನೇನಲ್ಲ ಎಂದಾಯಿತಲ್ಲ. ಆದರೆ ಮನೆಗೆ ನಡೆಯುತ್ತ ನಡೆಯುತ್ತ ಆ ಹಗುರು ಎಲ್ಲೋ ಸೋರಿ ಹೋಯಿತು. ತಾನು ಬೆನ್ನು ಬಾಗಿಸಿ ಹರಳು ಹೊತ್ತು ಛೀಮಾರಿ ಹಾಕಿಸಿಕೊಳ್ಳಬೇಕು; ಅವನು ಮರದ ಬುಡದಲ್ಲಿ ಕೂತು ಹೊಗಳಿಸಿಕೊಳ್ಳಬೇಕು. ಯಾವ ಪುಣ್ಯಕ್ಕೆ ಅಂಥ ಹೆಂಡತಿ ಸಿಕ್ಕಿದಳು ಅವನಿಗೆ?

ಗಂಜಿ ಬಡಿಸಿದ ಕಾಳಿಯ ಮೇಲೆ ಅವನು ಸುಮ್ಮಸುಮ್ಮನೆ ಹರಿಹಾಯ್ದ. ದುರ್ಗಿಯಂಥವಳು ಮನೆಯಲ್ಲಿದ್ದರೆ ತನಗೂ ಹೆಸರು ಬರುತ್ತಿತ್ತು ಎಂದ. ಕಾಳಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಇಪ್ಪತ್ತು ವರ್ಷ ಆತು. ಒಂದು ದಿನಾದ್ರೂ ನೀ ನಂಗೆ ರಸ್ತೆಗೆ ಬಾ ಅಂತ ಕರದ್ಯಾ?" ಎಂದು ಕೇಳಿದಳು.

ಕರೆದಿದ್ದರೆ ರಸ್ತೆ ತನ್ನದೊಬ್ಬನದಾಗಿ ಉಳಿಯುತ್ತಿರಲಿಲ್ಲ ಎಂಬುದು ಅವನ ಮನಸ್ಸಿನಲ್ಲಿ ಇತ್ತು, ಬಾಯಿಗೆ ಬರಲಿಲ್ಲ.

ಆ ವಾರವೇ ಮುಕಾದಮ ವೆಂಕ್ಟ್ರಮಣ ಬಂದ. ಬೀರನ ರಸ್ತೆ ನೋಡಿ ತಲೆಯಾಡಿಸಿ, ನಾಗನನ್ನು ನೋಡಿ ಕಲಿತುಕೋ ಎಂದ. ಇಷ್ಟು ಹೇಳದೆ ಹೋಗಿದ್ದರೆ ಬೀರ ಬಾಯಿ ಬಿಡುತ್ತಿರಲಿಲ್ಲವೋ ಏನೋ. ಎಷ್ಟೋ ವರ್ಷದ ಮೇಲೆ ನೆನಪಾದಾಗಲೂ ಅವನು ತಪ್ಪನ್ನು ಮುಕಾದಮನ ಆ ಮಾತಿನ ಮೇಲೆ ಹಾಕಲು ನೋಡುತ್ತಿದ್ದ, ಆಗುತ್ತಿರಲಿಲ್ಲ.

"ನಾಗಂದು ಎಂತ ಹೇಳೂದು ಒಡೆಯಾ. ಕೆಲ್ಸ ಚಲೋನೇ ಆತದೆ," ಎಂದ. "ಮಾಡೂದು ಯಾರು ಅಂತ ಮಾತ್ರ ನಂಗೆ ಕೇಳ್ಬೇಡಿ."

ಮುಕಾದಮ ಕೇಳಲಿಲ್ಲ. ಆದರೆ ನಾಲ್ಕನೇ ದಿನ ಬೆಳಗಿನ ಜಾವ ಹೇಳದೆ ಕೇಳದೆ ಬಂದು ನಿಂತು ನೋಡಿದ. ಹೆಸರು ಒಬ್ಬರದು, ಕೆಲಸ ಇನ್ನೊಬ್ಬರದು ಎಂದರೆ ನಾಳೆ ತನ್ನ ತಲೆಗೇ ಬರುತ್ತದೆ ಎಂದು ಅವನ ಹೆದರಿಕೆ. ಹೋಳಿ ಹುಣ್ಣಿಮೆ ಕಳೆಯುವುದರೊಳಗೆ ನಾಗನ ಹೆಸರು ಹಾಜರಿಯಿಂದ ಹೋಯಿತು. ಹೊಸಬನನ್ನು ಹಾಕಲು ಬೋರ್ಡಿಗೆ ಆಗ ಮನಸ್ಸಿರಲಿಲ್ಲ. ಏಳರಿಂದ ಒಂಬತ್ತರವರೆಗಿನ ರಸ್ತೆಯನ್ನೂ ಬೀರನೇ ನೋಡಿಕೊಳ್ಳಲಿ ಎಂದಾಯಿತು.

ಆ ದಿನ ಬೀರ ಒಂಬತ್ತನೇ ಕಲ್ಲಿನವರೆಗೆ ನಡೆದು ಹೋಗಿ, ಕಲ್ಲಿನ ಮೇಲೆ ಕೂತು ಒಂದು ಕವಳ ಹಾಕಿದ. ನಾಲ್ಕು ಮೈಲು ಈಗ ಅವನದು. ಬರುವಾಗ ರಮಾನಂದರ ಸೈಕಲ್ ಎದುರಾಯಿತು. ರಮಾನಂದರು ಹ್ಯಾಂಡಲ್ಲಿನಿಂದ ಕೈ ತೆಗೆದು ಟೊಪ್ಪಿ ಸರಿಮಾಡಿಕೊಂಡು ಹೋದರು. ಬೀರನಿಗೆ ಸಂತೋಷವಾಯಿತು. ತಾನು ಮಾಡಿದ ರಸ್ತೆಯೇನೋ ಎನ್ನುವಷ್ಟು ಸಂತೋಷ.

ನಾಗನ ಮನೆಯಿಂದ ಒಂದು ಮಾತೂ ಬರಲಿಲ್ಲ. ದುರ್ಗಿ ಸಾಣಿಕಟ್ಟೆಯ ಉಪ್ಪಿನ ಆಗರಕ್ಕೆ ಕೆಲಸಕ್ಕೆ ಹೋದಳು. ವಾರಗಟ್ಟಲೆ ಅಲ್ಲೇ ಉಳಿಯುತ್ತಿದ್ದಳು. ನಾಗ ಮನೆಯ ಜಗಲಿಯ ಮೇಲೆ ಕೂತಿರುತ್ತಿದ್ದ. ಬೀರ ಹಾದುಹೋದರೆ ಮೊದಲಿನಂತೆಯೇ, ಬೀರಣ್ಣ ಬಂದ್ಯಾ ಎನ್ನುತ್ತಿದ್ದ. ಬೀರ ಗುದ್ದಲಿಯನ್ನು ಆ ಹೆಗಲಿನಿಂದ ಈ ಹೆಗಲಿಗೆ ಬದಲಿಸುತ್ತ ಹೂಂ ಎಂದು ಮುಂದೆ ಹೋಗುತ್ತಿದ್ದ.

ಆ ವರ್ಷದ ಮಳೆ ನಾಲ್ಕೂ ಮೈಲುಗಳನ್ನು ಒಂದೇ ಮಾಡಿತು. ಇಲ್ಲಿ ಗಟಾರ ಬಿಡಿಸುವಷ್ಟರಲ್ಲಿ ಅಲ್ಲಿ ಮೋರಿ ಕಟ್ಟಿಕೊಳ್ಳುತ್ತಿತ್ತು. ದುರ್ಗಿ ಬಡಿದು ಕೂರಿಸಿದ್ದು ಶ್ರಾವಣದವರೆಗೆ ತಡೆಯಿತು, ಆಮೇಲೆ ಅಂಚಿನಿಂದ ಬಿಡತೊಡಗಿತು. ಬಿಟ್ಟಲ್ಲೆಲ್ಲ ಬೀರ ಹೊಳೆಯ ಹರಳು ತಂದು ಸುರಿದ. ಮಳೆ ಹೊಳವಾದ ಮೇಲೆ ರಮಾನಂದರು ಐದನೇ ಕಲ್ಲಿನಲ್ಲಿ ಇಳಿದವರು ಒಂಬತ್ತನೆಯದರವರೆಗೂ ಸೈಕಲ್ ಹತ್ತಲಿಲ್ಲ. ಪಾವಿನವನು ಕೊಡ್ಲಬೈಲಿಗೆ ಬರುವುದನ್ನೇ ಬಿಟ್ಟ. ಅತ್ತರಿನ ಸಾಯ್ಬರು ಲಕ್ಕಿಯ ಅಂಗಡಿಯಿಂದಲೇ ಹಿಂದಿರುಗಿದರು.

ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: ನಾಗನ ಕಾಲದಲ್ಲಿ ಹೀಗಿರಲಿಲ್ಲ. ನಾಗ ಕೆಲಸದಲ್ಲಿದ್ದಾಗಿನ ಹೊಟ್ಟೆಯುರಿಗೆ ಒಂದು ದಾರಿಯಿತ್ತು, ಮುಕಾದಮನಿದ್ದ. ಆಗಿಹೋದ ಕಾಲದ ಮೇಲೆ ಬೀರ ಯಾರಿಗೆ ಚಾಡಿ ಹೇಳಬೇಕು? ರಸ್ತೆಯಲ್ಲಿ ಯಾರಾದರೂ ನಿಂತು ಮಾತಾಡುತ್ತಿದ್ದರೆ ನಾಗನ ಸುದ್ದಿಯೇ ಇರಬೇಕೆಂದು ಅವನಿಗೆ ಅನ್ನಿಸುತ್ತಿತ್ತು. ಹತ್ತಿರ ಹೋದರೆ ಅವರು ಬಾಳೆಗೊನೆಯ ಧಾರಣೆ ಮಾತಾಡುತ್ತಿರುತ್ತಿದ್ದರು.

ಚಾಡಿ ಹೇಳಿದ್ದು ಬೀರನೇ ಎಂಬುದು ಲಕ್ಕಿಗೆ ತಿಳಿದದ್ದು ಮುಕಾದಮನ ಬಾಯಿಂದ, ಕಾಳಿಗೆ ಲಕ್ಕಿಯಿಂದ. ಅವಳು ಗಂಡನನ್ನು ಬೈಯಲಿಲ್ಲ. ಒಂದು ವಾರ ಮಾತಾಡಲಿಲ್ಲ ಅಷ್ಟೆ. ಬಡಿಸಿ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಎಂಟನೇ ದಿನ ಹಿತ್ತಲಿನ ಬಸಳೆ, ಎರಡು ಸೌತೆಕಾಯಿ ಕಟ್ಟಿಕೊಂಡು ನಾಗನ ಮನೆಗೆ ಹೋಗಿ, ಅಲ್ಲಿಯ ಅಂಗಳ ಸಾರಿಸಿ, ನಾಗನಿಗೆ ಕಷಾಯ ಕಾಸಿ ಕೊಟ್ಟು ಬಂದಳು. ದುರ್ಗಿ ಆಗರದಲ್ಲಿದ್ದ ದಿನಗಳಲ್ಲೆಲ್ಲ ಹೋಗತೊಡಗಿದಳು. ಬೀರ ಒಮ್ಮೆ ತಡೆಯಲು ನೋಡಿದಾಗ ಮಾತ್ರ ಒಂದು ಮಾತು ಹೇಳಿದಳು.

"ನೀ ಮಾಡಿದ್ದು ಊರಿಗೆಲ್ಲ ಗೊತ್ತಿತ್ತು. ನಂಗೆ ಕಡೆಗೆ ಗೊತ್ತಾತು. ಅಲ್ಲಿಗೆ ಹೋಗೂಕೆ ಇನ್ನು ನಿನ್ನ ಕೇಳ್ಬೇಕಾ?"

ಅರವತ್ತೊಂದರ ಮೇ ತಿಂಗಳಲ್ಲಿ, ಆಗರದ ಕೆಲಸ ಮುಗಿದು ದುರ್ಗಿ ಮನೆಗೆ ಬಂದಳು. ಬೀರ ಮೂರು ದಿನ ಯೋಚಿಸಿ ನಾಲ್ಕನೇ ದಿನ ಅವರ ಅಂಗಳಕ್ಕೆ ಹೋದ. ದುರ್ಗಿ ಮಳೆಗಾಲಕ್ಕೆಂದು ಮನೆಯ ಮಾಡಿಗೆ ಹೊದೆಸಲು ತೆಂಗಿನ ಮಡಲು ಹೆಣೆಯುತ್ತ ಕೂತಿದ್ದಳು. ಉಪ್ಪುನೀರಿನಲ್ಲಿ ನಿಂತು ನಿಂತು ಅವಳ ಕಾಲಿನ ಹಿಮ್ಮಡಿ ಒಡೆದು ಬಿಳಿಚಿಕೊಂಡಿತ್ತು. ಬೀರ ನಿಂತೇ ಇದ್ದ. ಕೂತುಕೋ ಎಂದು ಅವಳೂ ಹೇಳಲಿಲ್ಲ.

"ರಸ್ತೆಗೆ ಎಂತ ಮಾಡ್ತಿದ್ದೆ ನೀನು?" ಎಂದು ಕೊನೆಗೆ ಕೇಳಿದ. "ನಾ ಎಷ್ಟು ಮಾಡಿದ್ರೂ ಕೂರೂದಿಲ್ಲ."

"ಹೊಳೆ ಕಲ್ಲು ಉರುಟು. ಒಂದಕ್ಕೊಂದು ಹಿಡ್ಕಳ್ಳೂದಿಲ್ಲ," ಎಂದಳು ದುರ್ಗಿ, ಹೆಣೆಯುವುದನ್ನು ನಿಲ್ಲಿಸದೆ. "ಗುಡ್ಡದ ಚಿರೆಕಲ್ಲು ಒಡ್ದು ಹಾಕ್ಬೇಕು. ಹುತ್ತದ ಮಣ್ಣು ಕಲ್ಸಿ, ನೀರು ಹೊಡ್ದು ಬಡೀಬೇಕು. ಇದು ನಿಂಗೆ ಗೊತ್ತಿಲ್ದೇ ಇದ್ದದ್ದಾ?"

ಗೊತ್ತಿತ್ತು. ಅವನ ಅಪ್ಪ ಹಾಗೆಯೇ ಮಾಡುತ್ತಿದ್ದ. ಬೀರನೂ ಮೊದಮೊದಲು ಹಾಗೆಯೇ ಮಾಡಿದವನು. ಗಾಡಿಯವರು ಯಾರೂ ಏನೂ ಹೇಳದಿದ್ದಾಗ, ಅರ್ಧ ಮೈಲು ಗುಡ್ಡ ಹತ್ತಿ ಕಲ್ಲು ಹೊರುವುದು ಯಾಕೆ ಎಂದು ಬಿಟ್ಟಿದ್ದ. ಯಾವ ವರ್ಷ ಬಿಟ್ಟೆ ಎಂಬುದೂ ಅವನಿಗೆ ನೆನಪಿರಲಿಲ್ಲ.

"ಗುಡ್ಡ ದೂರ," ಎಂದ.

"ನಂಗೂ ಅಷ್ಟೇ ದೂರ ಇತ್ತು."

ಬೀರ ತಲೆಯ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಮುಕಾದಮನಿಗೆ ಹೇಳಿದ್ದು ತಾನೇ ಎಂದ. ಹೇಳುವಾಗ ಅವನು ಮಡಲಿನ ರಾಶಿಯನ್ನು ನೋಡುತ್ತಿದ್ದ. ದುರ್ಗಿ, ಅದು ಅವತ್ತೇ ಗೊತ್ತಿತ್ತು ಎಂದಳು.

"ನೀ ಸುಳ್ಳು ಹೇಳಿದ್ರೆ ಬಂದು ನಿನ್ನ ಅಂಗಳದಲ್ಲಿ ನಿಂತು ಬೈತಿದ್ದೆ. ಹೇಳಿದ್ದು ಖರೇನೇ ಆತು. ಎಂತಂತ ಬೈಲಿ?"

ಒಳಗಿನಿಂದ ಕೆಮ್ಮು ಕೇಳಿಸಿತು. ನಾಗ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ಬಂದು ಜಗಲಿಯ ಮೇಲೆ ಕೂತ. ಉಸಿರು ಹತೋಟಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬೀರನಿಗೆ ಜಗಲಿ ತೋರಿಸಿ ಕೂರಲು ಹೇಳಿದ. ಎಲೆಯ ಹರಿವಾಣ ಮುಂದೆ ಸರಿಸಿದ.

"ಬೀರಣ್ಣ, ಒಂದು ಹೇಳ್ತೆ ಕೇಳು," ಎಂದ. "ಶಾನಭಾಗ್ರು ಹೊಗಳ್ವಾಗ ನಾ ಮರದ ಬುಡಕ್ಕೆ ಕೂತು ಕೇಳ್ತಿದ್ದೆ. ಹೊಗಳಿಕೆ ಎಲ್ಲ ಇವಳದು, ನಂಗೆ ಗೊತ್ತಿತ್ತು. ಒಂದು ದಿನಾನೂ ಮನೆಗೆ ಬಂದು ಇವಳ ಹತ್ರ ಹೇಳ್ಲಿಲ್ಲ. ಹೇಳೂಕೆ ಮನಸ್ಸು ಬರ್ಲಿಲ್ಲ. ನಿಂಗೆ ನನ್ನ ಮೇಲೆ ಉರೀತಿತ್ತು. ನಂಗೆ ಇವಳ ಮೇಲೆ."

ದುರ್ಗಿಯ ಕೈ ಆಗ ಮಾತ್ರ ನಿಂತಿತು. ಅವಳು ಗಂಡನ ಮುಖವನ್ನು ನೋಡಿದಳು. ಶಾನಭಾಗರು ಎಂತ ಹೇಳುತ್ತಿದ್ದರು ಎಂದು ಕೇಳಿದಳು. ನಾಗ ಹ್ಯಾಂಡಲ್ ಬಿಟ್ಟು ಎಲೆಗೆ ಸುಣ್ಣ ಹಚ್ಚುವ ಮಾತು, ಚಾಪೆಯ ಮಾತು, ಮುಕಾದಮ ಹೇಳಿದ್ದು, ಒಂದೊಂದಾಗಿ ಉಸಿರು ಹಿಡಿದು ಹಿಡಿದು ಹೇಳಿದ. ಅವಳು ಪೂರಾ ಕೇಳಿದಳು. ಎದ್ದು ಒಳಗೆ ಹೋದಳು. ಇಬ್ಬರು ಗಂಡಸರೂ ಎಲೆ ಮಡಚುತ್ತ ಕೂತರು. ಎಷ್ಟೋ ದಿನದ ಮೇಲೆ ಒಟ್ಟಿಗೆ ಹಾಕಿದ ಆ ಕವಳ ಬೀರನಿಗೆ ಕಹಿಯಾಗಿತ್ತು.

ಮುಂದಿನ ಸಲ ಮುಕಾದಮ ಬಂದಾಗ ಬೀರ ನಾಗನ ಎರಡು ಮೈಲನ್ನು ದುರ್ಗಿಯ ಹೆಸರಿಗೇ ಕೊಡಿ ಎಂದ. ಮುಕಾದಮ ನಕ್ಕ. ಹೆಂಗಸು ಮೈಲುಕೂಲಿಯಾದದ್ದು ತಾನೆಂದೂ ಕೇಳಿಲ್ಲ ಎಂದ. ಬೀರ ಬಿಡಲಿಲ್ಲ. ಹದಿನೈದು ದಿನಕ್ಕೊಮ್ಮೆ ಅದೇ ಮಾತು. ತನ್ನಿಂದ ನಾಲ್ಕು ಮೈಲು ಆಗುವುದಿಲ್ಲ, ತನ್ನ ಕೆಲಸ ಕೆಟ್ಟದ್ದು ಎಂದು ಬರೆದುಕೊಳ್ಳಿ ಎಂದೂ ಹೇಳಿದ. ಕೊನೆಗೆ ರಮಾನಂದರು ಒಂದು ಅರ್ಜಿ ಬರೆದರು. ಮಾಸ್ತರರು, ಪಾವಿನವನು, ಅತ್ತರಿನ ಸಾಯ್ಬರು, ಸೈಕಲ್ ಇದ್ದವರೆಲ್ಲ ಸಹಿ ಹಾಕಿದರು. ಕಾಗದ ಓಡಾಡುವುದರಲ್ಲಿ ಎರಡು ಮಳೆಗಾಲ ಕಳೆಯಿತು. ಅರವತ್ಮೂರರ ಕೊನೆಗೆ ದುರ್ಗಿಯನ್ನು ದಿನಗೂಲಿಯ ಮೇಲೆ ಏಳನೇ ಕಲ್ಲಿನ ಆಚೆಗೆ ಹಾಕಿಕೊಳ್ಳಬಹುದು ಎಂಬ ಅಪ್ಪಣೆ ಬಂತು.

ಸುದ್ದಿ ತಂದ ರಮಾನಂದರು, ನಿನ್ನಿಂದಲೇ ಆಯಿತು ಬೀರ ಎಂದು ಬೆನ್ನು ತಟ್ಟಿದರು. ಬೀರನಿಗೆ ಸಂತೋಷವಾಗಬೇಕಿತ್ತು. ಆದರೆ ಒಳಗೆಲ್ಲೋ ಅದೇ ಹಳೆಯ ಉರಿ ಎದ್ದು ಕೂತಿತು. ಇನ್ನು ಮತ್ತೆ ಶುರು, ಏಳನೇ ಕಲ್ಲಿನ ಆಚೆ ಈಚೆ ಎಂದು ಎಲ್ಲರೂ ತೂಗುತ್ತಾರೆ, ಈ ಸಲ ಮರದ ಬುಡದಲ್ಲಿ ಕೂತವನೊಡನೆ ಅಲ್ಲ, ನೇರ ಅವಳೊಡನೆ.

ಮನೆಗೆ ಹೋಗಿ ಕಾಳಿಗೆ, ನಾಳೆಯಿಂದ ರಸ್ತೆಗೆ ಬರುತ್ತೀಯಾ ಎಂದು ಕೇಳಿದ. ಕಾಳಿ, ಹಸು ಯಾರು ನೋಡಿಕೊಳ್ಳುತ್ತಾರೆ ಎಂದಳು. ಮರುದಿನ ಹಸುವನ್ನೂ ಹೊಡೆದುಕೊಂಡು ಬಂದಳು. ಇಬ್ಬರೂ ಗುಡ್ಡ ಹತ್ತಿದರು. ಬೀರ ಚಿರೆಕಲ್ಲು ಒಡೆದ, ಕಾಳಿ ಹೊತ್ತಳು. ಅವಳಿಗೆ ಸಾಕಾದಾಗ ಅವನು ಹೊತ್ತ. ಹಾಕಿದ್ದ ಹೊಳೆಯ ಹರಳನ್ನೆಲ್ಲ ಬಾಚಿ ಗಟಾರದಾಚೆ ಎಸೆಯಲು ಒಂದು ಬೇಸಿಗೆ ಬೇಕಾಯಿತು. ಕೆಲಸ ಮಾಡುತ್ತ ಕಾಳಿ ಹಾಡು ಹೇಳುತ್ತಿದ್ದಳು, ಅವಳ ಅವ್ವನಿಂದ ಬಂದ ಉದ್ದುದ್ದ ಹಾಡುಗಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳಿಗೆ ಅಷ್ಟು ಹಾಡು ಬರುತ್ತದೆ ಎಂದು ಬೀರನಿಗೆ ಗೊತ್ತಿರಲಿಲ್ಲ. ಮೊದಲು ಮುಜುಗರವಾಯಿತು. ಆಮೇಲೆ ಬಡಿಕೆಯ ಪೆಟ್ಟು ತಾನಾಗಿ ಹಾಡಿನ ಜತೆ ಬೀಳತೊಡಗಿತು.

ದುರ್ಗಿ ಅವನೊಡನೆ ಹೆಚ್ಚು ಮಾತಾಡಲಿಲ್ಲ. ಮೋರಿ ಕಟ್ಟಿದೆ, ಅಂಚು ಬಿಟ್ಟಿದೆ, ಇಷ್ಟೇ. ಕಾಳಿಯೊಡನೆ ಲಕ್ಕಿಯ ಅಂಗಡಿಯಲ್ಲಿ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದಳು. ನಾಗ ಅರವತ್ನಾಲ್ಕರ ಡಿಸೆಂಬರ್ ಚಳಿಯಲ್ಲಿ ತೀರಿಕೊಂಡ. ಅದಕ್ಕೂ ಹಿಂದಿನ ತಿಂಗಳು ರಮಾನಂದರು ಮನೆಯ ಬಾಗಿಲಿಗೆ ಹೋಗಿ, ಜಗಲಿಯಲ್ಲಿದ್ದ ನಾಗನೆದುರಿಗೇ ದುರ್ಗಿಯ ರಸ್ತೆಯನ್ನು ಹೊಗಳಿದ್ದರಂತೆ. ನಾಗ ಹೌದು ಒಡೆಯಾ, ಅವಳದೇ ಎಂದನಂತೆ. ಇದನ್ನು ಕಾಳಿ ಬಂದು ಹೇಳಿದಾಗ ಬೀರ ಬಡಿಕೆ ಕೆಳಗಿಟ್ಟ.

ಅರವತ್ತಾರರ ಹೊತ್ತಿಗೆ ಗಜನಿ ಕಟ್ಟೆಯ ಮೇಲೆ ಚಕ್ರದ ಗೆರೆ ಇಲ್ಲವಾಗಿ ಹುಲ್ಲು ಬೆಳೆದಿತ್ತು. ಆ ವರ್ಷ ಒಂದು ಭಾನುವಾರ ಕುಮಟೆಯ ಹೈಸ್ಕೂಲಿನ ಮಾಸ್ತರರು ಹದಿನೈದಿಪ್ಪತ್ತು ಜನ ಸೈಕಲ್ ಮೇಲೆ ಮಿರ್ಜಾನಿನ ಕೋಟೆ ನೋಡಿ, ಹೊಳೆಗುಂಟ ಕೊಡ್ಲಬೈಲಿನವರೆಗೆ ಹೋಗಿ ಬರುತ್ತಾರೆ ಎಂದು ಸುದ್ದಿ ಬಂತು. ಬೀರ ಮುಂಚಿನ ಎರಡು ದಿನ ರಸ್ತೆಯನ್ನು ಕೈಯಿಂದ ಸವರಿದಂತೆ ನೋಡಿಕೊಂಡ. ಭಾನುವಾರ ಒಗೆದ ಅಂಗಿ ಹಾಕಿ ಏಳನೇ ಕಲ್ಲಿನ ಹತ್ತಿರ ನಿಂತ. ಹತ್ತು ಗಂಟೆಗೆ ಸೈಕಲ್ ಬೆಲ್ ಬಾರಿಸುತ್ತ ಸಾಲಾಗಿ ಬಂದರು. ಕೆಲವರು ಜೋಡಿಯಾಗಿ, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈಯಿಟ್ಟು ಬರುತ್ತಿದ್ದರು. ಯಾವುದೋ ನಾಟಕದ ಬಗ್ಗೆ ಜೋರು ವಾದ ನಡೆದಿತ್ತು. ಕಲ್ಲು ದಾಟಿದರು. ವಾದ ನಿಲ್ಲಲಿಲ್ಲ, ಯಾರೂ ಕೆಳಗೆ ನೋಡಲಿಲ್ಲ, ಯಾರ ಸೈಕಲ್ಲೂ ಕುಲುಕಲಿಲ್ಲ. ಎಲ್ಲಿ ಒಬ್ಬರ ಮೈಲು ಮುಗಿದು ಇನ್ನೊಬ್ಬರದು ಶುರುವಾಯಿತು ಎಂಬುದು ಅವರಿಗೆ ತಿಳಿಯಲೇ ಇಲ್ಲ.

ಆಚೆ ಬದಿಯಲ್ಲಿ ದುರ್ಗಿಯೂ ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಎಂಟನೇ ಕಲ್ಲಿನ ಮೋರಿಗೆ ನಾಳೆ ಒಂದು ಕೈ ಹಾಕು, ಒಬ್ಬಳಿಂದ ಚಪ್ಪಡಿ ಏಳುವುದಿಲ್ಲ ಎಂದಳು. ಬೀರ ಆತು ಎಂದ.

ಹೊಟ್ಟೆಯುರಿ ಪೂರಾ ಹೋಯಿತೆಂದರೆ ಸುಳ್ಳಾಗುತ್ತದೆ. ಮರುದಿನ ಮೋರಿಗೆ ಹೋಗುವಾಗಲೂ, ಆಮೇಲೆ ಹೋದಾಗಲೆಲ್ಲ, ಬೀರನ ಕಣ್ಣು ಅವಳ ರಸ್ತೆಯ ಮೇಲೆ ಎದ್ದ ಕಲ್ಲೊಂದನ್ನು ಹುಡುಕುತ್ತಿತ್ತು. ಸಿಕ್ಕರೆ ಆ ದಿನವೆಲ್ಲ ಅವನಿಗೆ ಖುಷಿ. ಆದರೆ ಅದನ್ನು ಅಲ್ಲಿಯೇ ಬಿಟ್ಟು ಬರುತ್ತಿರಲಿಲ್ಲ. ಕಾಲಿನಿಂದ ಮೀಟಿ, ಎತ್ತಿ, ಯಾರಿಗೂ ಕಾಣದಂತೆ ಗಟಾರದಾಚೆ ಎಸೆದು, ಅಲ್ಲಿ ಒಂದು ಮುಷ್ಟಿ ಮಣ್ಣು ಹಾಕಿ ಹಿಮ್ಮಡಿಯಿಂದ ಒತ್ತಿ ಮುಂದೆ ಹೋಗುತ್ತಿದ್ದ.